ಲಿಕ್ ಬಿಟ್ಟು ಹಾಡು ಹಿಡಿಯಿರಿ: ಜಾಝ್ ಸ್ಟ್ಯಾಂಡರ್ಡ್ ಮೇಲೆ ಸ್ವಂತ ಸೋಲೊ ಕಟ್ಟುವ ದಾರಿ

ಸುಮಾರು 12 ವರ್ಷದ ಹಿಂದಿನ ಮಾತು. ಬಳ್ಳಾರಿಯ ಒಂದು ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್ ಇತ್ತು. ನಾನು ಆಲ್ಟೊ ಸ್ಯಾಕ್ಸೋಫೋನ್ ಊದುತ್ತಿದ್ದೆ. ಜೊತೆಗೆ ಒಂದು ಕೀಬೋರ್ಡ್, ಒಂದು ಡ್ರಮ್ಸ್. ಊಟ ನಡೆಯುವಾಗ ನಾಲ್ಕು ಜಾಝ್ ಹಾಡು ನುಡಿಸಿದೆವು. ಕೈತೊಳೆದು ಬಂದ ಹಿರಿಯರೊಬ್ಬರು ನನ್ನ ಪಕ್ಕ ನಿಂತು ಹೇಳಿದರು: "ಛಲೋ ಊದಿದಿ ತಮ್ಮಾ. ಆದ್ರ ನಾಕೂ ಹಾಡಿನ ನಡುವ ಬಂದಿದ್ದು ಒಂದೇ ಅನಿಸ್ತು."

ಅವರಿಗೆ ಜಾಝ್ ಪರಿಚಯ ಇರಲಿಲ್ಲ. ಕಿವಿ ಮಾತ್ರ ಪಕ್ಕಾ ಇತ್ತು. ರಾತ್ರಿ ಮನೆಗೆ ಬಂದು ಫೋನಿನಲ್ಲಿದ್ದ ರೆಕಾರ್ಡಿಂಗ್ ಕೇಳಿದೆ. ಅವರು ಹೇಳಿದ್ದು ನಿಜ. ಹಾಡು ಬೇರೆ, ಶ್ರುತಿ ಬೇರೆ, ಲಯ ಬೇರೆ. ಸೋಲೊ, ಅಂದರೆ ಹಾಡಿನ ನಡುವೆ ಒಬ್ಬರೇ ಸ್ವಂತವಾಗಿ ಕಟ್ಟಿ ನುಡಿಸುವ ಭಾಗ, ಶುರುವಾದ ಕೂಡಲೇ ಅದೇ ಐದಾರು ತುಣುಕು ತಿರುತಿರುಗಿ ಬಂದಿದ್ದವು. ಇಂಥ ತುಣುಕಿಗೆ ಜಾಝ್‌ನವರು ಲಿಕ್ ಅನ್ನುತ್ತಾರೆ. ಯಾರದೋ ರೆಕಾರ್ಡಿನಿಂದ ಎತ್ತಿಕೊಂಡು, ಬೆರಳಿಗೆ ಬಾಯಿಪಾಠ ಮಾಡಿಸಿ, ಹೊಂದುವ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಬಂದಾಗ ನುಡಿಸಿಬಿಡುವ ಸಾಲು ಅದು.

ಆಮೇಲೆ ಕಲಿಯುವ ಕ್ರಮವನ್ನೇ ಬದಲಿಸಿದೆ. ಈಗ ಕೌಲ್ ಬಜಾರಿನ ನಮ್ಮ ಮನೆಗೆ ಬರುವ ಹುಡುಗ ಹುಡುಗಿಯರಿಗೂ ಇದೇ ಕ್ರಮದಲ್ಲಿ ಹೇಳಿಕೊಡುತ್ತೇನೆ. ಮೂಲ ಮಾತು ಒಂದೇ. ಸೋಲೊ ನುಡಿಸುವಾಗ ಹಾಡು ನಿಮ್ಮೊಳಗೆ ನಿಂತುಹೋಗಬಾರದು. ಹಾಡು ನಿಂತ ಜಾಗಕ್ಕೇ ಲಿಕ್ ಬಂದು ಕೂರುತ್ತದೆ. ಕೆಳಗಿನ ಎಲ್ಲ ಅಭ್ಯಾಸವೂ ಹಾಡನ್ನು ಒಳಗೆ ನಡೆಸುತ್ತಲೇ ಇರುವುದಕ್ಕೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಲಿಕ್ ಕಲಿಯುವುದು ತಪ್ಪಲ್ಲ. ಚಾರ್ಲಿ ಪಾರ್ಕರ್‌ರಂಥ ದೊಡ್ಡ ಕಲಾವಿದರ ಸೋಲೊಗಳಲ್ಲೂ ಮತ್ತೆ ಮತ್ತೆ ಬರುವ ಸುಮಾರು 100 ತುಣುಕುಗಳನ್ನು ಥಾಮಸ್ ಓವೆನ್ಸ್ ಎಂಬ ಸಂಶೋಧಕರು 1974ರಲ್ಲಿ ಪಟ್ಟಿ ಮಾಡಿದ್ದಾರೆ. ಆದರೆ ಪಾರ್ಕರ್ ಅವನ್ನು ಹಾಡಿನ ಒಳಗೆ ನೇಯುತ್ತಿದ್ದರು. ಸಾರಿಗೆ ಒಗ್ಗರಣೆ ಬೇಕು ನಿಜ. ನಾನು ಬಡಿಸುತ್ತಿದ್ದದ್ದು ಬರೀ ಒಗ್ಗರಣೆ.

ಮೊದಲು ಒಂದೇ ಹಾಡು, ಒಂದು ತಿಂಗಳು

ಜಾಝ್ ಸ್ಟ್ಯಾಂಡರ್ಡ್ ಅಂದರೆ ಜಾಝ್ ಕಲಾವಿದರೆಲ್ಲ ಸಾಮಾನ್ಯವಾಗಿ ನುಡಿಸುವ ಹಾಡು. ಹೆಚ್ಚಿನವು ಅಮೆರಿಕದ ನಾಟಕ, ಸಿನಿಮಾಗಳಿಂದ ಬಂದವು. ಬಹಳಷ್ಟು ಹಾಡು 32 ಬಾರ್ ಉದ್ದ ಇರುತ್ತವೆ, ಒಂದು ಬಾರ್‌ಗೆ 4 ಎಣಿಕೆ. ನಮ್ಮ ಲೆಕ್ಕದಲ್ಲಿ ಹೇಳಿದರೆ ಎರಡು ಬಾರ್ ಸೇರಿ ಆದಿತಾಳದ ಒಂದು ಆವರ್ತ, ಇಡೀ ಹಾಡು 16 ಆವರ್ತ. ಲಯ ಕೊಡುವ ಯಂತ್ರ ಮೆಟ್ರೊನೋಮ್ ಅನ್ನು 120ರಲ್ಲಿ, ಅಂದರೆ ನಿಮಿಷಕ್ಕೆ 120 ಎಣಿಕೆಗೆ, ಇಟ್ಟರೆ ಒಂದು ಸುತ್ತು 64 ಸೆಕೆಂಡಿಗೆ ಮುಗಿಯುತ್ತದೆ. ಈ ಒಂದು ಸುತ್ತಿಗೆ ಕೋರಸ್ ಅನ್ನುತ್ತಾರೆ.

ನಾನು ಶುರು ಮಾಡಿಸುವುದು "ಆಟಮ್ ಲೀವ್ಸ್" ಹಾಡಿನಿಂದ. 1945ರಲ್ಲಿ ಜೋಸೆಫ್ ಕೋಸ್ಮಾ ಕಟ್ಟಿದ ರಾಗ ಇದು. ಮೂಲ ಫ್ರೆಂಚ್ ಸಾಹಿತ್ಯ ಜಾಕ್ ಪ್ರೆವೆರ್ ಅವರದು, ಇಂಗ್ಲಿಷ್ ಮಾತು ಬರೆದವರು ಜಾನಿ ಮರ್ಸರ್. ಉದುರುವ ಎಲೆ ನೋಡುತ್ತ, ಬಿಟ್ಟುಹೋದವರನ್ನು ನೆನೆಯುವ ಹಾಡು. ಇದನ್ನೇ ಯಾಕೆ ಆರಿಸಿದೆ ಅಂದರೆ, ಸಾಲುಗಳು ಗಿಡ್ಡ. ಪ್ರತಿ ಸಾಲಿನ ನಡುವೆ ಉಸಿರಾಡಲು ಜಾಗ ಇದೆ. ನಮ್ಮ ಕಿವಿಗೂ ಬೇಗ ಹತ್ತಿರ ಆಗುತ್ತದೆ.

ಮೊದಲ ವಾರ ವಾದ್ಯ ಮುಟ್ಟಬೇಡಿ. ಹಾಡು ಕೇಳಿ, ಹಾಡಿ. ಕನಿಷ್ಠ ಮೂವರು ಗಾಯಕರು ಹಾಡಿದ್ದನ್ನು ಕೇಳಿ. ಒಂದೇ ಸಾಲನ್ನು ಒಬ್ಬೊಬ್ಬರು ಒಂದೊಂದು ಜಾಗದಲ್ಲಿ ಎತ್ತುತ್ತಾರೆ, ಒಂದೊಂದು ಜಾಗದಲ್ಲಿ ಬಿಡುತ್ತಾರೆ. ಇದು ನಮ್ಮ ಕಡೆಯವರಿಗೆ ಹೊಸದಲ್ಲ. ರಾಯಚೂರು ಸೀಮೆಯ ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರ ಪದಗಳನ್ನು ಭಜನೆಯಲ್ಲಿ ಕೇಳಿ ಬೆಳೆದವರಿಗೆ ಗೊತ್ತು, ಪದ ಅದೇ ಇದ್ದರೂ ಎತ್ತುವ ಬಗೆ ಬೇರೆ ಬೇರೆ.

ಸಾಹಿತ್ಯದ ಅರ್ಥ ತಿಳಿದುಕೊಳ್ಳಿ. ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ತಾವು ನುಡಿಸುವ ಹಾಡಿನ ಮಾತು ತಿಳಿದಿರಬೇಕು ಅಂತ ನಂಬಿದ್ದರು. ಊದುವವರಿಗೆ ಮಾತು ಯಾಕೆ ಅಂತ ನನಗೂ ಮೊದಲು ಅನ್ನಿಸಿತ್ತು. ಮಾತು ಗೊತ್ತಿದ್ದರೆ ಎಲ್ಲಿ ಉಸಿರು ಬಿಡಬೇಕು, ಯಾವ ಸ್ವರಕ್ಕೆ ಒತ್ತು ಕೊಡಬೇಕು ಅನ್ನುವುದು ತಾನಾಗಿ ಬರುತ್ತದೆ. ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಕೇಳಿ. ಸ್ವರ ಎಷ್ಟು ಹಬ್ಬಿದರೂ ವಚನದ ಮಾತು ಕೈಬಿಡುವುದಿಲ್ಲ. ನಮಗೆ ಬೇಕಾದ್ದು ಅದೇ ಹಿಡಿತ.

ಹಾಡಿನ ಎಲುಬು ಹುಡುಕುವುದು

ಈಗ ಸ್ವರಕ್ಕೆ ಬರೋಣ. ನಿಮ್ಮ ವಾದ್ಯಕ್ಕೆ ಹೊಂದುವ ಯಾವುದೇ ಸ್ವರವನ್ನು ಸ ಮಾಡಿಕೊಳ್ಳಿ. ಗ, ಧ, ನಿ ಮೂರೂ ಕೋಮಲ, ಅಂದರೆ ಅರ್ಧ ಸ್ವರ ತಗ್ಗಿದವು. ಕರ್ನಾಟಕ ಸಂಗೀತದಲ್ಲಿ ಇದು ನಟಭೈರವಿ, ಹಿಂದೂಸ್ತಾನಿಯಲ್ಲಿ ಆಸಾವರಿ ಥಾಟ್. ಹಾಡಿನ ಮೊದಲ ನಾಲ್ಕು ಸಾಲು ಹೀಗಿವೆ:

ಸ ರಿ ಗ | ಧ
ನಿ ಸ ರಿ | ಪ ಪ
ಧ ನಿ ಸ | ಮ
ಪ ಧ ನಿ | ಗ

ಎರಡನೇ ಸಾಲಿನಿಂದ, ಗೆರೆಯ ಮುಂಚೆ ಬರುವ ನಿ, ಧ, ಪ ಮಂದ್ರದವು, ಅಂದರೆ ಕೆಳಗಿನ ಸ್ಥಾಯಿಯವು. ಪ್ರತಿ ಸಾಲಿನಲ್ಲೂ ಒಂದನೇ ಎಣಿಕೆ ಖಾಲಿ. 2, 3, 4ನೇ ಎಣಿಕೆಯಲ್ಲಿ ಮೂರು ಸ್ವರ ಹತ್ತಿ, ಮುಂದಿನ ಬಾರ್‌ನ ಒಂದನೇ ಎಣಿಕೆಗೆ ಜಿಗಿದು ನಿಲ್ಲುತ್ತದೆ. ಇನ್ನೊಂದು ವಿಷಯ ಗಮನಿಸಿ. ನಾಲ್ಕನೇ ಸಾಲಿನ ಧ ಮತ್ತು ನಿ ಶುದ್ಧ, ಅಂದರೆ ಕೋಮಲ ಅಲ್ಲ. ಅಲ್ಲಿಯವರೆಗೆ ನಟಭೈರವಿಯಲ್ಲಿದ್ದ ಹಾಡು ಆ ಒಂದು ಕ್ಷಣ ಗೌರಿಮನೋಹರಿಯ ಬಣ್ಣ ತೋರಿಸಿ ವಾಪಸ್ ಬರುತ್ತದೆ. ಮೊದಲ ಮೂರು ಸಾಲಿನ ಜಿಗಿತ ಒಂದೇ ಅಳತೆ, ಸದಿಂದ ಮಗೆ ಇರುವಷ್ಟು. ನಾಲ್ಕನೆಯದು ಅದಕ್ಕಿಂತ ಅರ್ಧ ಸ್ವರ ಕಡಿಮೆ. ಹಾಡಿ ನೋಡಿದರೆ ಗಂಟಲಿಗೇ ಗೊತ್ತಾಗುತ್ತದೆ.

ನಿಂತ ಜಾಗಗಳನ್ನಷ್ಟೇ ನೋಡಿ: ಧ, ಪ, ಮ, ಗ. ಒಂದೊಂದೇ ಮೆಟ್ಟಿಲು ಇಳಿಯುತ್ತಿದೆ, ಅಲ್ವಾ? ಇದೇ ಹಾಡಿನ ಎಲುಬು. ನಾನು ಇವಕ್ಕೆ ನಿಲ್ದಾಣ ಅನ್ನುತ್ತೇನೆ.

ಇನ್ನು ಕೆಳಗಿನ ಕಾರ್ಡ್. ಬೇಸ್ ಸ್ವರಗಳನ್ನು, ಅಂದರೆ ಪ್ರತಿ ಕಾರ್ಡಿನ ತಳದ ಸ್ವರವನ್ನು, ಬಾರ್‌ಗೆ ಒಂದರಂತೆ ಹಾಡಿ: ಮ, ನಿ, ಗ, ಧ, ರಿ, ಪ, ಸ. ಏಳೂ ಸ್ವರ ಒಂದೊಂದು ಸಲ ಬಂದವು ನೋಡಿ. ನಾನು ಇದನ್ನು ಕಂಡುಕೊಂಡ ದಿನ ಬಹಳ ಖುಷಿಪಟ್ಟಿದ್ದೆ. ಎಲ್ಲ ಹೆಜ್ಜೆಯೂ ಸದಿಂದ ಮಗೆ ಹೋದಷ್ಟೇ ದೂರ, ಧದಿಂದ ರಿಗೆ ಮಾತ್ರ ಅರ್ಧ ಸ್ವರ ಜಾಸ್ತಿ. ಇ ಮೈನರ್‌ನಲ್ಲಿ ನುಡಿಸುವವರಿಗೆ ಕಾರ್ಡ್ ಹೆಸರು ಬೇಕಿದ್ದರೆ: ಎ ಮೈನರ್ ಸೆವೆನ್, ಡಿ ಸೆವೆನ್, ಜಿ ಮೇಜರ್ ಸೆವೆನ್, ಸಿ ಮೇಜರ್ ಸೆವೆನ್, ಎಫ್ ಶಾರ್ಪ್ ಹಾಫ್ ಡಿಮಿನಿಷ್ಡ್, ಬಿ ಸೆವೆನ್, ಇ ಮೈನರ್. ಏಳನೇ ಬಾರ್‌ನ ಸ ಎಂಟನೆಯದಕ್ಕೂ ಮುಂದುವರಿಯುತ್ತದೆ. ಈ 8 ಬಾರ್ ಎರಡು ಸಲ ಬರುತ್ತದೆ. ಮೊದಲು ಮೇಜರ್ ಮನೆಗೆ, ಅಂದರೆ ಗಕ್ಕೆ, ಹೋಗಿ ಆಮೇಲೆ ಮೈನರ್ ಮನೆಗೆ, ಅಂದರೆ ಸಗೆ, ಬರುತ್ತದೆ. ನಂತರದ 8 ಬಾರ್‌ನಲ್ಲಿ ಉಲ್ಟಾ: ಮೊದಲು ಮೈನರ್ ಮನೆ, ಆಮೇಲೆ ಮೇಜರ್ ಮನೆ. ಕೊನೆಯ 8 ಬಾರ್ ಮತ್ತೆ ಸಗೆ ಬಂದು ಮುಗಿಯುತ್ತದೆ.

ಎಡಗೈಯಲ್ಲಿ ಕೀಬೋರ್ಡ್ ಅಥವಾ ಹಾರ್ಮೋನಿಯಂ ಮೇಲೆ ಬೇಸ್ ಸ್ವರ ಒತ್ತುತ್ತ ಬಾಯಲ್ಲಿ ಹಾಡು ಹಾಡಿ. ಆಮೇಲೆ ಹಾಡನ್ನು ವಾದ್ಯದಲ್ಲಿ ನುಡಿಸುತ್ತ ಬೇಸ್ ಅನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳಿ. ಎರಡನೆಯದು ಕಷ್ಟ. ಒಂದು ವಾರ ಬೇಕು, ಗಾಬರಿಯಾಗಬೇಡಿ.

ಎರಡು ಎಳೆ

ಇದು ಇಡೀ ಪಾಠದ ಗಟ್ಟಿ ಭಾಗ. ನಿಧಾನವಾಗಿ ಓದಿ, ಪಕ್ಕದಲ್ಲಿ ವಾದ್ಯ ಇಟ್ಟುಕೊಳ್ಳಿ.

ಕಾರ್ಡಿನ ಬಣ್ಣ ಹೇಳುವುದು ಅದರ ತಳದ ಸ್ವರದಿಂದ ಎಣಿಸಿದ ಮೂರನೇ ಮತ್ತು ಏಳನೇ ಸ್ವರ. ಮೇಜರೋ (ಶುದ್ಧ ಗದ ಬಣ್ಣ) ಮೈನರೋ (ಕೋಮಲ ಗದ ಬಣ್ಣ) ಅನ್ನುವುದು ಮೂರನೆಯದರಲ್ಲಿ ಗೊತ್ತಾಗುತ್ತದೆ, ಮುಂದೆ ಎಳೆಯುತ್ತದೋ ಸುಮ್ನೆ ಕೂತಿದೆಯೋ ಅನ್ನುವುದು ಏಳನೆಯದರಲ್ಲಿ. ಈ ಹಾಡಿನಲ್ಲಿ ಒಂದು ಕಾರ್ಡಿನ ಮೂರನೇ ಸ್ವರ ಮುಂದಿನ ಕಾರ್ಡಿಗೆ ಏಳನೇ ಸ್ವರ ಆಗುತ್ತದೆ. ಅಲ್ಲಿಂದ ಒಂದು ಮೆಟ್ಟಿಲು ಇಳಿದರೆ ಅದರ ಮುಂದಿನ ಕಾರ್ಡಿನ ಮೂರನೇ ಸ್ವರ ಸಿಗುತ್ತದೆ. ಹೀಗೆ ಬಾರ್‌ಗೆ ಒಂದು ಸ್ವರದಂತೆ ಮೊದಲ ಎಳೆ ಸಿಗುತ್ತದೆ:

ಧ ಧ ಪ ಪ ಮ ಮ ಗ ಗ

ನಮ್ಮ ನಿಲ್ದಾಣಗಳೇ ಇವು. ಹಾಡು ಕಟ್ಟಿದವರು ಈ ಎಳೆಯ ಮೇಲೇ ಸಾಲು ನಿಲ್ಲಿಸಿದ್ದಾರೆ. ಎರಡನೇ ಎಳೆ ಇದು:

ಗ ರಿ ರಿ ಸ ಸ ನಿ ಸ ಸ

ಇಲ್ಲಿನ ನಿ ಶುದ್ಧ, ಮಂದ್ರದ್ದು. ಈ ಎಳೆ ಹಾಡಿನಲ್ಲಿ ನೇರವಾಗಿ ನಿಲ್ಲುವುದಿಲ್ಲ, ಹಿಂದೆ ಅಡಗಿದೆ. ಅದಕ್ಕೇ ಸೋಲೊಗೆ ಇದು ಚಿನ್ನದಂಥ ಸಾಮಾನು. ಒಂದು ಕೋರಸ್ ಮೊದಲ ಎಳೆಯನ್ನಷ್ಟೇ ನುಡಿಸಿ, ಬಾರ್‌ಗೆ ಒಂದೇ ಸ್ವರ. ಇನ್ನೊಂದು ಕೋರಸ್ ಎರಡನೇ ಎಳೆ. ಮೂರನೇ ಸಲ ಒಂದರಿಂದ ಇನ್ನೊಂದಕ್ಕೆ ದಾಟಿ: ಧ ರಿ ಪ ಸ ಮ ನಿ ಗ. ಇಷ್ಟಕ್ಕೇ ಒಂದು ರಾಗ ಹುಟ್ಟಿತಲ್ಲ! ಯಾವ ಲಿಕ್ಕೂ ಇಲ್ಲ, ಆದರೂ ಕೇಳುವವರಿಗೆ ಕಾರ್ಡ್ ಬದಲಾದದ್ದು ಗೊತ್ತಾಗುತ್ತದೆ.

ನನ್ನ ಹತ್ತಿರ ಬರುವ ಒಬ್ಬ ಹುಡುಗಿ ಇದನ್ನು ನುಡಿಸಿ ಮುಖ ಸಣ್ಣ ಮಾಡಿದಳು. "ಸರ್, ಖಾಲಿ ಖಾಲಿ ಅನಿಸ್ತದ್ರಿ."

"ಖಾಲಿ ಇರ್ಲಿ ಬಿಡು," ಅಂದೆ. "ಹಾಡು ಒಳಗ ಕೇಳಸ್ತದೇನು?"

ಸ್ವಲ್ಪ ಯೋಚಿಸಿ, "ಹೌದ್ರಿ, ಅದೇ ಓಡಕತ್ತದ" ಅಂದಳು.

ಆ ಖಾಲಿ ಜಾಗ ಬೇಕು. ಅಲ್ಲಿ ಹಾಡು ಕೇಳಿಸುತ್ತಿದ್ದರೆ ಅದನ್ನು ತುಂಬುವ ಅವಸರ ಇರುವುದಿಲ್ಲ.

ಒಂದು ಸಾಲಿಗೆ ಹತ್ತು ಸಂಗತಿ

ಲೀ ಕೋನಿಟ್ಜ್ ಎಂಬ ಆಲ್ಟೊ ಸ್ಯಾಕ್ಸೋಫೋನ್ ವಾದಕ ಕಲಿಸುತ್ತಿದ್ದ ಕ್ರಮ ನನ್ನ ದಾರಿಗೆ ಆಧಾರ. 1927ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಅವರು ಕೊನೆಯವರೆಗೂ ಅದೇ ಬೆರಳೆಣಿಕೆಯ ಹಳೆಯ ಹಾಡುಗಳನ್ನು ಹೊಸದಾಗಿ ನುಡಿಸುತ್ತಿದ್ದರು. ಅವರು ಹೇಳಿದ್ದು ಹತ್ತು ಮೆಟ್ಟಿಲಿನ ಅಭ್ಯಾಸ. ಮೊದಲ ಮೆಟ್ಟಿಲಲ್ಲಿ ಹಾಡು ಇದ್ದ ಹಾಗೆ. ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಸ್ವಲ್ಪ ಬದಲಾಯಿಸುತ್ತ ಹೋಗಿ ಹತ್ತನೆಯದರಲ್ಲಿ ಪೂರ್ತಿ ಹೊಸ ರಾಗ.

ಕೃತಿ ಹಾಡುವವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಪಲ್ಲವಿಯ ಒಂದು ಸಾಲಿಗೆ ಸಂಗತಿ ಹಾಕುವುದು ಹೀಗೇ. ಮೊದಲ ಸಂಗತಿ ಸರಳ, ಎರಡನೆಯದರಲ್ಲಿ ಒಂದು ಸ್ವರ ಜಾಸ್ತಿ, ಮೂರನೆಯದರಲ್ಲಿ ಒಂದು ತಿರುವು. ಸಾಲು ಕಳೆದುಹೋಗುವುದಿಲ್ಲ, ಬೆಳೆಯುತ್ತದೆ.

ಮೊದಲ ಸಾಲು "ಸ ರಿ ಗ | ಧ" ತೆಗೆದುಕೊಳ್ಳಿ. ನಾನು ಮಾಡಿಸುವುದು ಹೀಗೆ.

ಮೊದಲು ಸ್ವರ ಮುಟ್ಟದೆ ಕಾಲ ಮಾತ್ರ ಬದಲಿಸಿ. ಎರಡನೇ ಎಣಿಕೆಗೆ ಬರಬೇಕಾದ ಸವನ್ನು ಅರ್ಧ ಎಣಿಕೆ ತಡ ಮಾಡಿ. ಧ ತಾನಾಗಿಯೇ ಒಂದನೇ ಎಣಿಕೆ ದಾಟಿ ಬೀಳುತ್ತದೆ. ಆಮೇಲೆ ಉಲ್ಟಾ, ಧವನ್ನು ಅರ್ಧ ಎಣಿಕೆ ಮೊದಲೇ ಹಿಡಿಯಿರಿ. ಅದೇ ನಾಲ್ಕು ಸ್ವರ, ಆದರೆ ಒಂದರಲ್ಲಿ ಆರಾಮ, ಇನ್ನೊಂದರಲ್ಲಿ ಅವಸರ.

ಆಮೇಲೆ ಇದ್ದ ಸ್ವರವನ್ನೇ ಮತ್ತೆ ಹೇಳಿ: ಸ ಸ ರಿ ಗ | ಧ. ಅಥವಾ ಸ ರಿ ಗ ಗ | ಧ ಧ. ಇದು ಸಣ್ಣ ಬದಲಾವಣೆ ಅಂತ ತಳ್ಳಿಹಾಕಬೇಡಿ. ಗಾಯಕರು ಮಾತು ಜಾಸ್ತಿ ಇದ್ದಾಗ ಇದನ್ನೇ ಮಾಡುತ್ತಾರೆ.

ಮೂರನೆಯದು, ನಿಲ್ದಾಣಕ್ಕೆ ಪಕ್ಕದ ಮನೆಯಿಂದ ಬನ್ನಿ. ಸ ರಿ ಗ | ನಿ ಧ. ಒಂದನೇ ಎಣಿಕೆಯಲ್ಲಿ ನಿ ಬಿದ್ದು, ಎರಡನೆಯದಕ್ಕೆ ಧಗೆ ಇಳಿಯುತ್ತದೆ. ಅಥವಾ ಕೆಳಗಿನಿಂದ: ಸ ರಿ ಗ | ಪ ಧ. ನಿಲ್ದಾಣ ಬದಲಾಗಿಲ್ಲ, ತಲುಪಿದ್ದು ಸ್ವಲ್ಪ ತಡ. ಆ ತಡದಲ್ಲೇ ಎಷ್ಟು ರುಚಿ ಇದೆ ನೋಡಿ.

ನಾಲ್ಕನೆಯದು ಕಳೆಯುವುದು. ಗ | ಧ ಅಷ್ಟೇ. ಹಾಡು ಗೊತ್ತಿದ್ದವರ ಕಿವಿಯಲ್ಲಿ ಉಳಿದ ಎರಡು ಸ್ವರ ತಾನಾಗಿ ಮೊಳಗುತ್ತದೆ.

ಐದನೆಯದು, ಬರುವ ದಾರಿಯನ್ನೇ ಬದಲಿಸಿ. ಮೇಲಿನ ಸದಿಂದ ಇಳಿದು ಬನ್ನಿ: ಸ ನಿ | ಧ. ಅಥವಾ ಗ ರಿ ಸ ಅಂತ ಇಳಿದು ಮಂದ್ರದ ಧಗೆ ಸೇರಿ. ಜಿಗಿತ ಮೇಲಕ್ಕಿದ್ದದ್ದು ಈಗ ಕೆಳಕ್ಕಾಯಿತು.

ಇಷ್ಟಾದ ಮೇಲೆ ನಿಲ್ದಾಣ ಬದಲಿಸಬಹುದು. ಧದ ಬದಲು ಎರಡನೇ ಎಳೆಯ ಗಗೆ ಬನ್ನಿ. ಉಳಿದ ಮೆಟ್ಟಿಲು ನಿಮಗೇ ಸಿಗುತ್ತವೆ. ಪಟ್ಟಿ ಮುಗಿಸುವ ಹಟ ಬೇಡ.

ಈಗ ಒಂದು ನಿಯಮ. ಇದನ್ನು ಮಾತ್ರ ಬಿಡಬೇಡಿ. ಮೊದಲ ಸಾಲಿಗೆ ಏನು ಮಾಡಿದಿರೋ ಎರಡನೇ ಸಾಲು ಅದಕ್ಕೆ ಉತ್ತರ ಕೊಡಬೇಕು. ಮೊದಲ ಸಾಲಿನಲ್ಲಿ "ನಿ ಧ" ಅಂತ ಮೇಲಿಂದ ಇಳಿದಿರಾ? ಎರಡನೆಯದರಲ್ಲಿ "ನಿ ಸ ರಿ | ಧ ಪ" ಅಂತ ಇಳಿಯಿರಿ. ಮೂರನೆಯದರಲ್ಲಿ "ಧ ನಿ ಸ | ಪ ಮ". ಕೇಳುವವರು ಮೂರನೇ ಸಲಕ್ಕೆ ನಿಮ್ಮ ಜೊತೆ ಬಂದಿರುತ್ತಾರೆ. ನಾಲ್ಕನೆಯದರಲ್ಲಿ ಬೇರೆ ಏನಾದರೂ ಮಾಡಿ, ಆ ತಿರುವು ಅವರಿಗೆ ಗೊತ್ತಾಗುತ್ತದೆ. ಮೊದಲ ದಿನಗಳಲ್ಲಿ ನಾನು ಪ್ರತಿ ಸಾಲಿಗೂ ಹೊಸ ಐಡಿಯಾ ತರುತ್ತಿದ್ದೆ. ಅದು ಐದು ಜನ ಒಟ್ಟಿಗೆ ಮಾತಾಡಿದ ಹಾಗೆ ಕೇಳುತ್ತಿತ್ತು.

ಇದಕ್ಕೆ ಒಳ್ಳೆಯ ಉದಾಹರಣೆ ಸ್ಯಾಕ್ಸೋಫೋನ್ ವಾದಕ ಸಾನಿ ರಾಲಿನ್ಸ್ 1956ರಲ್ಲಿ ರೆಕಾರ್ಡ್ ಮಾಡಿದ "ಬ್ಲೂ 7". ಚಿಕ್ಕದೊಂದು ತುಣುಕನ್ನು ಹಿಡಿದು, ತಿರುಗಿಸಿ, ಕತ್ತರಿಸಿ, ಹಿಗ್ಗಿಸಿ ಇಡೀ ಸೋಲೊ ಕಟ್ಟಿದ್ದಾರೆ. 1958ರಲ್ಲಿ ಸಂಗೀತಗಾರ, ವಿಮರ್ಶಕ ಗುಂಥರ್ ಶುಲರ್ ಈ ಒಂದೇ ಸೋಲೊ ಬಗ್ಗೆ ದೊಡ್ಡ ಲೇಖನ ಬರೆದರು. ಐದು ಸಲ ಕೇಳಿ. ಪ್ರತಿ ಸಲ ಆ ತುಣುಕು ಎಲ್ಲೆಲ್ಲಿ ಬಂತು ಅಂತ ಬೆರಳು ಮಡಚಿ ಎಣಿಸಿ.

ಒಂದೇ ಸ್ವರದ ಸೋಲೊ

ಸ್ವರದ ಹಂಬಲ ಜಾಸ್ತಿ ಆದಾಗ ಈ ಅಭ್ಯಾಸ ಮಾಡಿಸುತ್ತೇನೆ. ಒಂದು ಪೂರ್ತಿ ಕೋರಸ್ ಒಂದೇ ಸ್ವರದಲ್ಲಿ ನುಡಿಸಿ. ಪ ಇಟ್ಟುಕೊಳ್ಳಿ, ಈ ಹಾಡಿನಲ್ಲಿ ಪ ಹೆಚ್ಚಿನ ಕಾರ್ಡಿಗೆ ಹೊಂದುತ್ತದೆ. ಉದ್ದ, ಗಿಡ್ಡ, ಜೋರು, ಮೆಲ್ಲಗೆ, ತಡ, ಬೇಗ, ಮೌನ. ಇಷ್ಟರಲ್ಲೇ ಕಥೆ ಹೇಳಬೇಕು.

ತಾಳಕ್ಕೆ ಕೈ ಹಾಕುವಾಗ ಒಂದು ಎಚ್ಚರಿಕೆ. ನಮಗೆ ಒಂದನೇ ಎಣಿಕೆಗೆ ಚಪ್ಪಾಳೆ ಹೊಡೆದು ಅಭ್ಯಾಸ. ಜಾಝ್‌ನಲ್ಲಿ ಒತ್ತು 2 ಮತ್ತು 4ರ ಮೇಲೆ. ಮೆಟ್ರೊನೋಮ್ ಅನ್ನು 60ಕ್ಕೆ ಇಟ್ಟು, ಅದರ ಟಕ್ ಸದ್ದನ್ನು 2 ಮತ್ತು 4 ಅಂತ ಎಣಿಸಿ. ನಡುವೆ ಒಂದು, ಮೂರು ನೀವೇ ತುಂಬಿ. ಆಗ ನಿಜವಾದ ವೇಗ 120 ಆಗುತ್ತದೆ. ಮೊದಲ ವಾರ ಜಾರುತ್ತದೆ. ಹೆಜ್ಜೆ ಹಾಕುತ್ತ ಎಣಿಸಿದರೆ ಬೇಗ ಕೂರುತ್ತದೆ.

ನಿಮ್ಮದೇ ಲಿಕ್ ಹಿಡಿಯುವುದು

ವಾರಕ್ಕೊಮ್ಮೆ ಮೂರು ಕೋರಸ್ ರೆಕಾರ್ಡ್ ಮಾಡಿ. ಒಂದು ದಿನ ಬಿಟ್ಟು ಕೇಳಿ. ಪುಸ್ತಕದಲ್ಲಿ ಸ್ವರ ಬರೆದುಕೊಳ್ಳಿ. ಎರಡು ಸಲಕ್ಕಿಂತ ಜಾಸ್ತಿ ಬಂದ ತುಣುಕಿನ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ನನ್ನ ಮೊದಲ ಪುಟದಲ್ಲಿ ಒಂದೇ ತುಣುಕಿಗೆ ಒಂಬತ್ತು ಕೆಂಪು ಗೆರೆ ಇತ್ತು: ಪ ಮ ಗ ರಿ ಸ ಅಂತ ಸರಸರ ಇಳಿಯುವುದು. ಹಾಡು ಎಲ್ಲಿದೆ ಅಂತ ತಿಳಿಯದಾದಾಗಲೆಲ್ಲ ನನ್ನ ಬೆರಳು ಆ ಇಳಿಜಾರು ಹಿಡಿಯುತ್ತಿತ್ತು.

ಆ ತುಣುಕನ್ನು ಒಂದು ವಾರ ನಿಲ್ಲಿಸಿ. ಅದು ಬರುವ ಜಾಗದಲ್ಲಿ ಬೇರೆ ಲಿಕ್ ತುರುಕಬೇಡಿ. ಸುಮ್ಮನಿರಿ, ಹಾಡನ್ನು ಕೇಳಿಸಿಕೊಳ್ಳಿ, ಆಮೇಲೆ ಮೂಲ ಹಾಡಿನ ಸಾಲನ್ನು ಇದ್ದ ಹಾಗೇ ನುಡಿಸಿ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ ಮದ್ದು. ದಾರಿ ತಪ್ಪಿದಾಗ ಲಿಕ್ ಕಡೆ ಓಡುತ್ತಿದ್ದವನು ಈಗ ಹಾಡಿನ ಕಡೆ ಓಡುತ್ತೇನೆ.

ಬೆರಳಿನ ಅಭ್ಯಾಸ ಮುರಿಯಲು ಇನ್ನೊಂದು ಉಪಾಯ, ಶ್ರುತಿ ಬದಲಿಸುವುದು. ಹಾಡು ಕಿವಿಯಲ್ಲಿದ್ದರೆ ಯಾವ ಶ್ರುತಿಯಲ್ಲೂ ಹುಡುಕಿಕೊಂಡು ನುಡಿಸಬಹುದು. ಬೆರಳಿನಲ್ಲಿ ಮಾತ್ರ ಇದ್ದರೆ ಮೊದಲ ಸಾಲಿಗೇ ತಡವರಿಸುತ್ತೀರಿ. ನಿಮ್ಮ ಸ್ಥಿತಿ ತಿಳಿಯಲು ಬೇರೆ ಪರೀಕ್ಷೆ ಬೇಡ.

ಹಾಡಿಕೊಂಡು ನುಡಿಸುವುದು ಇದರ ಜೋಡಿ. ಎರಡು ಬಾರ್ ಬಾಯಲ್ಲಿ ಹಾಡಿ, ಅದನ್ನೇ ವಾದ್ಯದಲ್ಲಿ ಹೇಳಿ. ಬಾಯಿಗೆ ಬಾರದ್ದನ್ನು ನುಡಿಸಬೇಡಿ. ಕೋನಿಟ್ಜ್‌ರ ಗುರು ಲೆನಿ ಟ್ರಿಸ್ಟಾನೊ ಶಿಷ್ಯರಿಗೆ ಲೆಸ್ಟರ್ ಯಂಗ್‌ರ ಸೋಲೊಗಳನ್ನು ರೆಕಾರ್ಡಿನ ಜೊತೆ ಬಾಯಲ್ಲಿ ಹಾಡಲು ಕಲಿಸುತ್ತಿದ್ದರು. ನೀವೂ ಹಾಗೇ ಮಾಡಿ. ಆದರೆ ಅದರಿಂದ ಸಾಲು ಎತ್ತಿಕೊಳ್ಳುವ ಬದಲು ಪ್ರಶ್ನೆ ಎತ್ತಿಕೊಳ್ಳಿ. ಇಲ್ಲಿ ಯಾಕೆ ನಿಂತರು? ಮೂಲ ಹಾಡಿನ ಯಾವ ಸ್ವರ ಇಲ್ಲಿ ಅಡಗಿದೆ? "ಆಟಮ್ ಲೀವ್ಸ್" ಹಾಡನ್ನೇ ಆಲ್ಟೊ ಸ್ಯಾಕ್ಸೋಫೋನ್ ವಾದಕ ಕ್ಯಾನನ್‌ಬಾಲ್ ಆ್ಯಡರ್ಲಿ ಮತ್ತು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1958ರಲ್ಲಿ ರೆಕಾರ್ಡ್ ಮಾಡಿದ್ದಾರೆ. ಮೈಲ್ಸ್ ಎಷ್ಟು ಕಡಿಮೆ ಸ್ವರದಲ್ಲಿ ಹಾಡು ಹೇಳುತ್ತಾರೆ, ಪಕ್ಕದಲ್ಲೇ ಕ್ಯಾನನ್‌ಬಾಲ್ ಎಷ್ಟು ತುಂಬಿಸಿ ಹೇಳುತ್ತಾರೆ ಅಂತ ಗಮನಿಸಿ. ಇಬ್ಬರೂ ನುಡಿಸುತ್ತಿರುವುದು ಅದೇ ಹಾಡು.

ದಿನದ ಅಭ್ಯಾಸ

ಬೇಸಿಗೆಯಲ್ಲಿ ನಾವು ಬೆಳಿಗ್ಗೆ ಐದೂವರೆಗೆ ಮಾಳಿಗೆ ಮೇಲೆ ಕೂರುತ್ತೇವೆ. ಕೋಟೆ ಗುಡ್ಡದ ಮೇಲೆ ಬಿಸಿಲು ಬೀಳುವಷ್ಟರಲ್ಲಿ ಅಭ್ಯಾಸ ಮುಗಿದಿರುತ್ತದೆ. ಬಳ್ಳಾರಿಯ ಒಣ ಹವೆಗೆ ರೀಡ್ (ಮೌತ್‌ಪೀಸ್‌ಗೆ ಕಟ್ಟುವ ತೆಳು ಪಟ್ಟಿ) ಬೇಗ ಒಣಗಿ ಸೊಟ್ಟಗಾಗುತ್ತದೆ. ಮುಚ್ಚಳ ಗಟ್ಟಿಯಾದ ಡಬ್ಬಿಯಲ್ಲಿ ಸ್ವಲ್ಪ ತೇವ ಇರುವಂತೆ ಇಟ್ಟುಕೊಳ್ಳಿ. ಸೆಕೆಗೆ ಊದುವ ವಾದ್ಯದ ಶ್ರುತಿಯೂ ಮೇಲೇರುತ್ತದೆ. ಕೀಬೋರ್ಡ್ ಜೊತೆ ನುಡಿಸುವ ಮುಂಚೆ ಮೌತ್‌ಪೀಸ್ ಸ್ವಲ್ಪ ಹೊರಗೆ ಎಳೆದು ಹೊಂದಿಸಿ.

ಸಮಯ 40 ನಿಮಿಷ ಸಾಕು. ಮೊದಲ 5 ನಿಮಿಷ ಹಾಡು ಬಾಯಲ್ಲಿ. 5 ನಿಮಿಷ ಮೂಲ ರಾಗ ವಾದ್ಯದಲ್ಲಿ, ಒಂದು ಸ್ವರವೂ ಬದಲಿಸದೆ. 10 ನಿಮಿಷ ಎರಡು ಎಳೆ. 15 ನಿಮಿಷ ಸಂಗತಿ, ದಿನಕ್ಕೆ ಒಂದೇ ಬಗೆಯ ಬದಲಾವಣೆ ಇಟ್ಟುಕೊಂಡು. ಕೊನೆಯ 5 ನಿಮಿಷ ಮನಸ್ಸಿಗೆ ಬಂದ ಹಾಗೆ ನುಡಿಸಿ, ತಿದ್ದಬೇಡಿ. ಫೋನಿನ ಬ್ಯಾಕಿಂಗ್ ಟ್ರ್ಯಾಕ್ (ಜೊತೆ ವಾದ್ಯಗಳ ರೆಕಾರ್ಡಿಂಗ್) ವಾರಕ್ಕೆ ಎರಡು ದಿನ ಸಾಕು. ದಿನಾ ಹಾಕಿಕೊಂಡರೆ ಕಾರ್ಡ್ ನೆನಪಿಡುವ ಕೆಲಸ ಅದೇ ಮಾಡುತ್ತದೆ, ನಿಮ್ಮ ಕಿವಿ ಸೋಮಾರಿಯಾಗುತ್ತದೆ. ಬರೀ ಮೆಟ್ರೊನೋಮ್ ಇಟ್ಟುಕೊಂಡು ನುಡಿಸಿದಾಗ ಕೇಳುವವರಿಗೆ ಹಾಡು ಯಾವುದು ಅಂತ ಗೊತ್ತಾಗಬೇಕು.

ಒಂದು ತಪ್ಪು ದಾರಿಯ ಬಗ್ಗೆ ಎಚ್ಚರಿಸಬೇಕು. ಸಂಗೀತ ಕಲಿತ ಮಕ್ಕಳು ಹಾಡು ನಟಭೈರವಿ ಅಂತ ತಿಳಿದ ಕೂಡಲೇ ನಟಭೈರವಿಯ ಸ್ವರಪ್ರಸ್ತಾರ ಶುರು ಮಾಡುತ್ತಾರೆ. ಸ್ವರ ತಪ್ಪುವುದಿಲ್ಲ, ಆದರೆ ಹಾಡು ಮಾಯ. ಐದನೇ ಬಾರ್ ಬಂತೋ ಮೂರನೆಯದೋ ಗೊತ್ತಾಗುವುದಿಲ್ಲ. ರಾಗದ ಹೆಸರು ಸ್ವರ ಗುರುತಿಸಲು ಮಾತ್ರ ಬಳಸಿ, ನಿಲ್ದಾಣ ಬಿಡಬೇಡಿ.

ಜನರ ಮುಂದೆ

ಹಾಡನ್ನು ಒಂದು ಸಲ ಇದ್ದ ಹಾಗೇ ನುಡಿಸಿ. ಸೋಲೊದ ಮೊದಲ ಕೋರಸ್‌ನಲ್ಲಿ ಕಾಲ ಮಾತ್ರ ಬದಲಿಸಿ, ಕೇಳುವವರು ಹಾಡು ಹಿಡಿದುಕೊಳ್ಳಲಿ. ಎರಡನೆಯದರಲ್ಲಿ ನಿಲ್ದಾಣ ಉಳಿಸಿ ದಾರಿ ಬದಲಿಸಿ. ಮೂರನೆಯದರಲ್ಲಿ ಎರಡನೇ ಎಳೆಗೆ ಹೋಗಿ, ದೂರ ಹೋಗಿ. ಎರಡು ಅಥವಾ ಮೂರು ಕೋರಸ್ ಸಾಕು. ಮಂಟಪದಲ್ಲಿ ಜನ ಊಟ ಮಾಡುತ್ತಿದ್ದರೂ ಇದೇ ಅಳತೆ.

ಕಳೆದ ಮಾಘದಲ್ಲಿ ಒಂದು ಮದುವೆಯಲ್ಲಿ ಇದೇ ಹಾಡು ನುಡಿಸಿದೆ. ಎರಡನೇ ಕೋರಸ್‌ನಲ್ಲಿ ದಾರಿ ತಪ್ಪಿತು. ಮೂರನೇ 8 ಬಾರ್, ಅಂದರೆ ಹಾಡಿನ ಸೇತುವೆ (ಬ್ರಿಜ್), ಬಂತು ಅಂದುಕೊಂಡಿದ್ದೆ, ಕೀಬೋರ್ಡ್ ಹುಡುಗ ಇನ್ನೂ ಮೊದಲ ಭಾಗದಲ್ಲಿದ್ದ. ಹಳೆಯ ಇಳಿಜಾರು ಬೆರಳಿಗೆ ಬಂತು. ಊದಲಿಲ್ಲ. ಎರಡು ಬಾರ್ ಸುಮ್ಮನಿದ್ದೆ. ಬೇಸ್ ಮದಿಂದ ನಿಗೆ ಹೋದದ್ದು ಕೇಳಿಸಿತು, ಹಾಡಿನ ಸಾಲು ಒಳಗೆ ಎದ್ದಿತು, ಪಗೆ ಹೋಗಿ ನಿಂತೆ. ಕೀಬೋರ್ಡ್ ಹುಡುಗ ತಲೆ ಎತ್ತಿ ನೋಡಿ ನಕ್ಕ.

ಸೋಲೊದ ಕೊನೆಯ 8 ಬಾರ್‌ಗೆ ಬಂದಾಗ ಮತ್ತೆ ಮೂಲ ಹಾಡಿನ ಹತ್ತಿರ ಬನ್ನಿ. ಕೊನೆಯ ಸಾಲನ್ನು ಪೂರ್ತಿ ಮುಗಿಸದೆ ಒಂದು ಸ್ವರ ಮುಂಚೆ ಬಿಡಿ. ಪಕ್ಕದವರು ಅದನ್ನು ಎತ್ತಿಕೊಂಡು ತಮ್ಮ ಸೋಲೊ ಅಲ್ಲಿಂದಲೇ ಶುರು ಮಾಡುತ್ತಾರೆ.